ನಿವಾಸಿಯ ದೀರ್ಘ

ನನ್ನ ಭಾವ ಐವತ್ತು ವರ್ಷ ಬೋರ್ಡು ಬರೆದವರು. ಬೀದಿಯವರೆಲ್ಲ ಅವರನ್ನು ಬೋರ್ಡಣ್ಣ ಅನ್ನುತ್ತಾರೆ. ಎದುರಿಗೇ ಅನ್ನುತ್ತಾರೆ, ಅವರಿಗೇನೂ ಬೇಸರವಿಲ್ಲ. ಔಷಧಿ ಅಂಗಡಿ, ಕ್ಷೌರದಂಗಡಿ, ಹಲ್ಲಿನ ಡಾಕ್ಟರ ಮನೆ, ಶಾಲೆಯ ಗೇಟು, ಲಾರಿಗಳ ಬೆನ್ನು, ಹೀಗೆ ಊರಿನ ಅರ್ಧ ಅಕ್ಷರ ಅವರ ಕೈಯಿಂದ ಬಂದದ್ದು. ಫ್ಲೆಕ್ಸ್ ಬಂದ ಮೇಲೆ ಕೆಲಸ ಹೋಯಿತು, ಕೈ ಮಾತ್ರ ಹೋಗಲಿಲ್ಲ. ತಪ್ಪು ಅಕ್ಷರ ಕಂಡರೆ ಅವರಿಗೆ ಮೈಯೆಲ್ಲ ತುರಿಸುತ್ತದೆ. ಹೋಟೆಲಿಗೆ ಹೋದರೆ ತಿಂಡಿ ಬರುವವರೆಗೆ ತಿಂಡಿಯ ಪಟ್ಟಿ ತಿದ್ದುತ್ತಾ ಕೂರುತ್ತಾರೆ. ಒಮ್ಮೆ ಬ್ಯಾಂಕಿನ ಗೋಡೆಯ ಮೇಲಿನ ಒತ್ತಕ್ಷರ ಸರಿಮಾಡಲು ಹೋಗಿ ಕಾವಲುಗಾರನಿಂದ ಬೈಸಿಕೊಂಡು ಬಂದಿದ್ದರು. ಮನೆಗೆ ಬಂದವರು ಅಕ್ಕನ ಮುಂದೆ ಹೇಳಿಕೊಂಡದ್ದು ಕಾವಲುಗಾರನ ವಿಷಯವನ್ನಲ್ಲ, ಆ ಒತ್ತಕ್ಷರ ಇನ್ನೂ ಹಾಗೇ ಉಳಿಯಿತಲ್ಲ ಅನ್ನುವುದನ್ನು.

ತಿದ್ದುವುದು ಅನ್ನುವ ಮಾತಿಗೆ ಅವರಲ್ಲಿ ಒಂದೇ ಅರ್ಥ. ಶಾಲೆಯಲ್ಲಿ ಮೇಷ್ಟ್ರು ಸ್ಲೇಟಿನ ತುಂಬ ಒಂದು ಅಕ್ಷರ ಬರೆದು ಕೊಡುತ್ತಿದ್ದರಂತೆ. ಇವರು ಅದರ ಮೇಲೆ ಬಳಪ ಆಡಿಸಿ ಆಡಿಸಿ, ಅಕ್ಷರ ಕಡಲೆಕಾಯಿಯ ಹಾಗೆ ಉಬ್ಬುವ ತನಕ ತಿದ್ದಬೇಕು. ತಿದ್ದಿದವನು ಜಾಣ, ತಿದ್ದದವನು ದಡ್ಡ. ಆ ಐದು ವರ್ಷದ ಹುಡುಗನ ಲೆಕ್ಕದಲ್ಲೇ ಅವರು ಎಪ್ಪತ್ತೊಂದಕ್ಕೆ ಬಂದು ಮುಟ್ಟಿದರು. ನಾನಾದರೋ ಅಂಚೆ ಕಚೇರಿಯ ಕೌಂಟರಿನ ಒಳಗಡೆ ಮೂವತ್ತೊಂದು ವರ್ಷ ಕೂತವನು. ತಿದ್ದುವುದಕ್ಕೆ ಇನ್ನೊಂದು ಅರ್ಥ ಇದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ವಿಳಾಸದಲ್ಲಿ ಒಂದು ಅಂಕಿ ತಿದ್ದಿದ್ದರೂ ಫಾರಂ ವಾಪಸ್ ತಳ್ಳುತ್ತಿದ್ದ ಮಹಾಶಯ ನಾನೇ.

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಯಿತು. ಸೋಮವಾರ, ಬುಧವಾರ, ಶುಕ್ರವಾರ, ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಿ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ತೋಳು ಒಪ್ಪಿಸಿ ಮಲಗಬೇಕು. ಮೂರು ದಿನ ಅಂದರೆ ಮೂರೇ ದಿನ, ಒಂದು ತಪ್ಪಿದರೂ ನೀರು ಎದೆಗೆ ಏರುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಭಾವ ಅಂಗಡಿಯೊಂದರ ಹಳೆಯ ತಗಡಿಗೆ ಬಿಳಿ ಬಳಿದು, ಅಡುಗೆಮನೆಯಲ್ಲಿ ನೇತುಹಾಕಿ, ಪ್ರತಿ ತಿಂಗಳೂ ಅದರ ಮೇಲೆ ಕ್ಯಾಲೆಂಡರು ಬರೆಯುತ್ತಾರೆ. ತಾರೀಕುಗಳೆಲ್ಲ ಕಪ್ಪು, ಆಸ್ಪತ್ರೆಯ ದಿನಗಳು ಕೆಂಪು. ತಿಂಗಳು ಮುಗಿದರೆ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ ಮತ್ತೆ ಹೊಸದು. ಅಚ್ಚಿನ ಕ್ಯಾಲೆಂಡರು ಬಿಟ್ಟಿ ಸಿಗುತ್ತದಲ್ಲ ಎಂದು ನಾನು ರೇಗಿಸಿದರೆ ಅದರ ಏಳು ಒಂದರ ಹಾಗೆ ಕಾಣುತ್ತದೆ ಅನ್ನುತ್ತಿದ್ದರು.

ಆಸ್ಪತ್ರೆಯಿಂದ ಬಂದ ಅಕ್ಕ ಕೂಡಲೇ ಮನೆಯೊಳಗೆ ಬರುವುದಿಲ್ಲ. ಬರಲಾಗುವುದಿಲ್ಲ. ಭಾವ ತಮ್ಮ ಹಳೆಯ ಸಣ್ಣ ಕಾರನ್ನು ಬಾಗಿಲೆದುರಿಗೆ ನಿಲ್ಲಿಸಿ, ಮುಂದಿನ ಸೀಟನ್ನು ಹಿಂದಕ್ಕೆ ಬಾಗಿಸುತ್ತಾರೆ. ಅಕ್ಕ ಅಲ್ಲೇ ಕಣ್ಣು ಮುಚ್ಚಿ ಮುಕ್ಕಾಲು ಗಂಟೆ ಮಲಗಿರುತ್ತಾಳೆ. ತಲೆ ಸುತ್ತು ಇಳಿದ ಮೇಲೆ ಬಾಗಿಲಿಗೆ ಹನ್ನೊಂದು ಹೆಜ್ಜೆ, ಆಮೇಲೆ ಹದಿನಾಲ್ಕು ಮೆಟ್ಟಿಲು. ಲೆಕ್ಕ ಅವಳದೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು, ಸಂಖ್ಯೆ ಮರೆಯುವವಳಲ್ಲ. ಒಟ್ಟಿನಲ್ಲಿ ಅಕ್ಕನ ಜೀವ ಎರಡು ಕಡೆ ನಿಂತಿತ್ತು, ಒಂದು ಆ ಯಂತ್ರದ ಮೇಲೆ, ಇನ್ನೊಂದು ಬಾಗಿಲೆದುರಿನ ಕಾರು ನಿಲ್ಲುವಷ್ಟು ಜಾಗದ ಮೇಲೆ.

ಆ ಜಾಗಕ್ಕೆ ನಗರಸಭೆಯ ಪಾಸು ಬೇಕು. ಬೀದಿಯಲ್ಲಿ ಇರುವವರು ಮಾತ್ರ ಅಲ್ಲಿ ಗಾಡಿ ನಿಲ್ಲಿಸಬಹುದು ಎಂದು ಕಂಬದ ಮೇಲೆ ಬೋರ್ಡಿದೆ. ಹತ್ತೊಂಬತ್ತು ವರ್ಷದ ಹಿಂದೆ ಅದನ್ನು ಬರೆದವರೂ ನಮ್ಮ ಭಾವನೇ. ಈ ಸಲ ಬಂದ ಪಾಸು ಮಾತ್ರ ಅಗ್ಗದ ಮಾಲು. ಗಾಜಿಗೆ ಅಂಟಿಸಿದ ನಾಲ್ಕೇ ತಿಂಗಳಿಗೆ ಬಿಸಿಲಿಗೆ ಮಾಸಿ, ಗಾಡಿಯ ನಂಬರೂ ಇಲ್ಲ, ಮನೆಯ ನಂಬರೂ ಇಲ್ಲ ಅನ್ನುವ ಹಾಗಾಯಿತು. ಭಾವ ನಗರಸಭೆಗೆ ಹೋಗಿ ಬೇರೆ ಕೊಡಿ ಎಂದು ಕೇಳಿದರು. ಅವಧಿ ಮುಗಿದ ಮೇಲೆ ಬನ್ನಿ, ಹೊಸದು ಕೊಡುತ್ತೇವೆ ಅಂದರಂತೆ. ಪಾಸಿನ ಹಿಂಬದಿಯಲ್ಲಿ ನೋಡಿದರೆ, ಓದಲು ಬಾರದ ಪಾಸು ಪಾಸಲ್ಲ ಎಂದು ಅಚ್ಚು ಹಾಕಿದ್ದಾರೆ. ಅತ್ತ ದರಿ, ಇತ್ತ ಪುಲಿ.

ಬೇರೆ ಯಾರಾದರೂ ಆಗಿದ್ದರೆ ಗೊಣಗಿ ಸುಮ್ಮನಾಗುತ್ತಿದ್ದರು. ಭಾವ ಪಾಸನ್ನು ಬಿಡಿಸಿ ತಂದು, ಕಿಟಕಿಯ ಹತ್ತಿರ ಕೂತು, ಎರಡೇ ಎಳೆ ಕೂದಲಿನ ಬ್ರಶ್ಶಿನಿಂದ ಮಾಸಿದ ಗೆರೆಗಳ ಮೇಲೆ ಒಂದೊಂದಾಗಿ ತಿದ್ದಿದರು. ಅರ್ಧ ದಿನದ ಕೆಲಸ. ತಿದ್ದುತ್ತಾ ಹೋದಾಗ ಅವರಿಗೆ ಒಂದು ಅನರ್ಥ ಕಾಣಿಸಿತು. ದಪ್ಪಕ್ಷರದಲ್ಲಿ 'ನಿವಾಸಿ ಪಾಸು' ಎಂದಿರಬೇಕಾದ ಕಡೆ 'ನಿವಸಿ ಪಾಸು' ಎಂದಿತ್ತು. ವಕಾರಕ್ಕೆ ದೀರ್ಘವೇ ಇಲ್ಲ. ಆ ವರ್ಷ ಊರಿಗೆಲ್ಲ ಹಂಚಿದ ನಾಲ್ಕು ಸಾವಿರ ಪಾಸಿನಲ್ಲೂ ಅದೇ ತಪ್ಪು, ಒಬ್ಬರ ಕಣ್ಣಿಗೂ ಬಿದ್ದಿಲ್ಲ ಎಂದುಕೊಂಡೆವು. ಭಾವ ಅದಕ್ಕೊಂದು ದೀರ್ಘ ಕೊಟ್ಟರು. ಎಂಥ ದೀರ್ಘ ಅಂತೀರಿ, ಹೊಟ್ಟೆ ತುಂಬಿದ ಹಾಗೆ ದುಂಡಗಿತ್ತು.

ಒಂದು ಶುಕ್ರವಾರ ಅಕ್ಕ ಕಾರಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು, ಭಾವ ಪಕ್ಕದಲ್ಲಿ ನಿಂತಿದ್ದರು. ಗಾಡಿಗಳನ್ನು ತಪಾಸಣೆ ಮಾಡುವ ಹುಡುಗಿ ಬಂದು ಗಾಜಿನ ಮೇಲೆ ಬಗ್ಗಿ ಪಾಸನ್ನು ಬಹಳ ಹೊತ್ತು ನೋಡಿದಳು. ಈ ಪಾಸು ಎಲ್ಲಿ ಸಿಕ್ಕಿತು ಎಂದು ಕೇಳಿದಳು. ಬರವಣಿಗೆಗೆ ಬೆರಗಾಗಿದ್ದಾಳೆ ಎಂದು ಭಾವ ತಿಳಿದರು. ಫ್ಲೆಕ್ಸ್ ಬಂದ ಮೇಲೆ ಅವರ ಅಕ್ಷರವನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ. ಚೆನ್ನಾಗಿದೆಯಾ ಎಂದು ಕೇಳಿದರಂತೆ. ಚೆನ್ನಾಗಿರುವುದೇ ತೊಂದರೆ ಎಂದ ಆ ಹುಡುಗಿ ಫೋಟೋ ತೆಗೆದುಕೊಂಡು ದಂಡದ ಚೀಟಿ ಅಂಟಿಸಿ ಹೋದಳು. ಅಸಲಿ ಪಾಸು ಯಾವುದು, ನಕಲಿ ಯಾವುದು ಎಂದು ಕಂಡುಹಿಡಿಯಲು ತಪಾಸಣೆಯವರಿಗೆ ಕಲಿಸಿದ್ದ ಗುರುತೇ ಆ ಕಾಣೆಯಾದ ದೀರ್ಘವಂತೆ. ತಪ್ಪಿದ್ದರೆ ಅಸಲಿ, ಸರಿಯಿದ್ದರೆ ನಕಲಿ. ಈಗಲೂ ಇದನ್ನು ನೆನೆದರೆ ನನಗೆ ನಗು ಬರುವುದೋ ಅಳು ಬರುವುದೋ ತಿಳಿಯುವುದಿಲ್ಲ.

ಚೀಟಿಯಲ್ಲಿ 'ತಿದ್ದಿದ ಪಾಸಿನ ಪ್ರದರ್ಶನ' ಎಂದಿತ್ತು. ದಂಡ ದೊಡ್ಡದಲ್ಲ, ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ, ತಪ್ಪು ಒಪ್ಪಿಕೊಂಡರೆ ಪಾಸು ಎರಡು ವರ್ಷ ರದ್ದು ಎಂದು ಕೆಳಗೆ ಇರುವೆಯಂಥ ಅಕ್ಷರದಲ್ಲಿ ಬರೆದಿತ್ತು. ಮೇಲ್ಮನವಿ ಹಾಕಲು ಹದಿನಾಲ್ಕು ದಿನ. ಭಾವ ಚೀಟಿ ಹಿಡಿದುಕೊಂಡು ನನ್ನ ಮನೆಗೆ ಬಂದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ, ಅವಮಾನ ಇತ್ತು.

ಅರ್ಜಿ ನಾನು ಬರೆದೆ. ಕಚೇರಿಯ ಭಾಷೆ ನನಗೆ ಕರತಲಾಮಲಕ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. 'ಬಿಸಿಲಿನಿಂದ ಮಾಸಿದ್ದ ಅಕ್ಷರಗಳನ್ನು ಸ್ಪಷ್ಟಗೊಳಿಸಲಾಗಿದೆ' ಎಂದು ಬರೆದೆ. ಯಾರು ಸ್ಪಷ್ಟಗೊಳಿಸಿದರು ಎಂದು ಬರೆಯಲಿಲ್ಲ. 'ಲಾಗಿದೆ' ಅನ್ನುವ ಮಾತಿನಲ್ಲಿ ಅದೇ ಸುಖ, ಕೆಲಸ ಆಗಿರುತ್ತದೆ, ಮಾಡಿದವನು ಇರುವುದಿಲ್ಲ. ಡಾಕ್ಟರ ಪತ್ರ ಲಗತ್ತಿಸಿದೆ, ಬೋರ್ಡಿನ ಫೋಟೋ ಲಗತ್ತಿಸಿದೆ. ಮೂರು ವಾರಕ್ಕೆ ಉತ್ತರ ಬಂತು. ಮನವಿಯನ್ನು ಪರಿಶೀಲಿಸಿದ್ದಾರಂತೆ, ಒಪ್ಪಲು ಕಾರಣ ಕಾಣಲಿಲ್ಲವಂತೆ, ಬೇಕಿದ್ದರೆ ಮೇಲ್ಮನವಿ ಅಧಿಕಾರಿಯ ಮುಂದೆ ಖುದ್ದಾಗಿ ಬರಬಹುದಂತೆ. ಕಾಯಿಲೆಯ ಹೆಂಡತಿ ಇರುವವರು ವಿಶೇಷ ಜಾಗಕ್ಕೆ ಬೇರೆ ಅರ್ಜಿ ಹಾಕಬಹುದು ಎಂದೂ ಇತ್ತು. ವಿಚಾರಿಸಿದರೆ, ಆ ಅರ್ಜಿಗೆ ಚಾಲ್ತಿಯಲ್ಲಿರುವ ನಿವಾಸಿ ಪಾಸು ಲಗತ್ತಿಸಬೇಕು.

ವಿಚಾರಣೆಯ ಹಿಂದಿನ ದಿನ ಅವರ ಅಡುಗೆಮನೆಯಲ್ಲಿ ಕೂತು ಭಾವನಿಗೆ ಪಾಠ ಹೇಳಿದೆ. ಸ್ಪಷ್ಟ ಮಾಡಿದೆ ಅನ್ನಿ, ಅಳಿಸಿಹೋಗಿತ್ತು ಅನ್ನಿ, ಏನಾದರೂ ಅನ್ನಿ, ತಿದ್ದಿದೆ ಅನ್ನುವ ಮಾತು ಮಾತ್ರ ಬಾಯಿಗೆ ಬರಬಾರದು ಅಂದೆ.

"ಎರಡೂ ಒಂದೇ ಅಲ್ವೇನೋ?" ಅಂದರು ಭಾವ.

"ನಿಮಗೆ ಒಂದೇ. ಅವರಿಗಲ್ಲ. ಅವರ ಭಾಷೇಲಿ ತಿದ್ದಿದವನು ಅಂದ್ರೆ ಕಳ್ಳ."

ಭಾವ ತಗಡಿನ ಕ್ಯಾಲೆಂಡರಿನ ಕಡೆ ತಿರುಗಿದರು. ಹಾಗಾದರೆ ಮೇಷ್ಟ್ರು ಕಲಿಸಿದ್ದು ಏನು ಎಂದು ಒಮ್ಮೆ ಕೇಳಿದರು. ಅಕ್ಕ ಪಕ್ಕದ ಕೋಣೆಯ ಮಂಚದ ಮೇಲಿಂದಲೇ, ಪುಟ್ಟ ಹೇಳಿದ ಹಾಗೆ ಹೇಳಿಬಿಡಿ ಅಂದಳು. ನನಗೆ ಅರವತ್ತೆರಡಾದರೂ ಅವಳಿಗೆ ನಾನಿನ್ನೂ ಪುಟ್ಟ. ಹೂಂ ಅಂದರು ಭಾವ. ಅಕ್ಕ ಹೇಳಿದ್ದಕ್ಕೆ ಅವರು ಹೂಂ ಅಂದರೆ ಅದು ನಡೆದ ಹಾಗೆಯೇ ಎಂದು ನಾನು ನೆಮ್ಮದಿಯಿಂದ ಮನೆಗೆ ಹೋದೆ. ನನ್ನ ದಡ್ಡತನ.

ನಗರಸಭೆಯ ಮೂರನೆಯ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ. ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಗಳು, ನೀರಿಲ್ಲದ ನೀರಿನ ಯಂತ್ರ, ಟೋಕನ್ ನಂಬರ್ ತೋರಿಸುವ ಕೆಂಪು ದೀಪ. ಬಾಗಿಲ ಮೇಲೆ 'ಮೇಲ್‌ಮನವಿ ಅದಿಕಾರಿ' ಎಂದಿತ್ತು. ಧಕಾರಕ್ಕೆ ಹೊಟ್ಟೆಯ ಸೀಳಿಲ್ಲ ಎಂದು ಭಾವ ನನಗೆ ಬೆರಳು ಮಾಡಿ ತೋರಿಸಿದರು. ದಯವಿಟ್ಟು ಸುಮ್ಮನಿರಿ ಅಂದೆ. ಎರಡು ಗಂಟೆ ಕಾದೆವು. ಅಷ್ಟೂ ಹೊತ್ತು ಅವರ ಬೆರಳು ಮಂಡಿಯ ಮೇಲೆ ಏನನ್ನೋ ಬರೆಯುತ್ತಿತ್ತು.

ಅಧಿಕಾರಿ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ನನಗೆ ಬೈಯಲು ಯಾರಾದರೂ ಸಿಗುತ್ತಿದ್ದರು. ಐವತ್ತರ ಆಸುಪಾಸಿನ, ಕಣ್ಣಿನ ಕೆಳಗೆ ಚೀಲ ಬಿದ್ದ ಮನುಷ್ಯ. ಭಾವನಿಗೆ ತಾನೇ ಎದ್ದು ಕುರ್ಚಿ ಎಳೆದುಕೊಟ್ಟ. ಡಾಕ್ಟರ ಪತ್ರವನ್ನು ಎರಡು ಸಲ ಓದಿದ. ಪಾಸನ್ನು ಬೆಳಕಿಗೆ ಹಿಡಿದು ನೋಡಿದ.

"ಯಜಮಾನ್ರೇ, ಮನೇಲಿ ಬೇರೆ ಯಾರಾದ್ರೂ ಇದರ ಮೇಲೆ ಕೈಯಾಡಿಸಿದ್ರಾ? ನಿಮಗೆ ಗೊತ್ತಿಲ್ಲದ ಹಾಗೆ?"

ಇದನ್ನು ಕೇಳುವಾಗ ಅವನು ನೋಡಿದ್ದು ನನ್ನನ್ನು. ಬಾಗಿಲನ್ನು ಒಂದು ಬೆರಳಷ್ಟು ತೆರೆದು ಹಿಡಿದಿದ್ದ. ಹೌದು ಅಂದರೆ ಸಾಕಿತ್ತು, ಯಾರೋ ಎಂದರೂ ಸಾಕಿತ್ತು. ನಾನು ಮೇಜಿನ ಕೆಳಗೆ ಭಾವನ ಕಾಲು ಒತ್ತಿದೆ. ಭಾವ ನೆಟ್ಟಗೆ ಕೂತರು. ಮುಖಕ್ಕೆ ರಕ್ತ ಏರಿತು. ಬೇರೆಯವರ ಹೆಸರಿಗೆ ತನ್ನ ಅಕ್ಷರ ಹೋಗುವುದನ್ನು ಆ ಮನುಷ್ಯ ಜೀವಮಾನದಲ್ಲಿ ಸಹಿಸಿದವರಲ್ಲ.

"ಬೇರೆಯವರ ಕೈ ಇಷ್ಟು ನೆಟ್ಟಗೆ ಬರಲ್ಲ ಸಾರ್. ನಾನೇ ತಿದ್ದಿದ್ದು."

ಅಧಿಕಾರಿ ಪೆನ್ನನ್ನು ಮೇಜಿನ ಮೇಲಿಟ್ಟ. ಇನ್ನೊಂದು ಅವಕಾಶ ಕೊಡುವವನ ಹಾಗೆ, ಮೂಲದಲ್ಲಿ ಇಲ್ಲದ ದೀರ್ಘ ಇಲ್ಲಿ ಹೇಗೆ ಬಂತು, ಬಣ್ಣ ಅಕಸ್ಮಾತ್ ಹರಡಿಕೊಂಡಿತೋ ಎಂದು ಕೇಳಿದ. ಅಕಸ್ಮಾತ್ ಎಂದದ್ದು ಭಾವನಿಗೆ ಇನ್ನೂ ನಾಟಿತು.

"ಅದು ತಪ್ಪಿತ್ತು ಸಾರ್, ಅದಕ್ಕೇ ತಿದ್ದಿದೆ. ನಾಲ್ಕು ಸಾವಿರದಲ್ಲೂ ತಪ್ಪಿದೆ. ನೀವು ಹೂಂ ಅನ್ನಿ, ಎಲ್ಲಾನೂ ತಿದ್ದಿಕೊಡ್ತೀನಿ. ಏನೂ ಕೊಡಬೇಡಿ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುತ್ತಾರೆ. ಇಲ್ಲಿ ಯಾರೂ ಒದೆಯಲಿಲ್ಲ. ಅಧಿಕಾರಿ ಬಹಳ ಮರ್ಯಾದೆಯಿಂದ ಎರಡು ಸಾಲು ಬರೆದುಕೊಂಡ. ನಾನು ಬಾಯಿ ಹಾಕಿ, ಅವರು ಹೇಳುವ ತಿದ್ದುವುದಕ್ಕೆ ಅರ್ಥ ಬೇರೆ, ಕಂಬದ ಮೇಲಿನ ನಿಮ್ಮದೇ ಬೋರ್ಡಿನಲ್ಲಿ ದೀರ್ಘ ಇದೆ ನೋಡಿ ಎಂದು ಫೋಟೋ ಮುಂದಿಟ್ಟೆ. ಬೋರ್ಡುಗಳ ವಿಭಾಗ ಬೇರೆ ಅಂದ. ಅರ್ಥದ ವಿಭಾಗ ಯಾವುದು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನಾನು ಕೌಂಟರಿನ ಒಳಗಿದ್ದಾಗ ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ಮುಂದಿನವರು ಬನ್ನಿ ಅಂದುಬಿಡುತ್ತಿದ್ದೆ.

ಮೆಟ್ಟಿಲು ಇಳಿಯುವಾಗ ಭಾವ ಹಗುರವಾಗಿದ್ದರು. ಒಳ್ಳೆಯ ಮನುಷ್ಯ, ನಾವು ಹೇಳಿದ್ದನ್ನೆಲ್ಲ ಬರೆದುಕೊಂಡ, ಅರ್ಥ ಮಾಡಿಕೊಂಡಿದ್ದಾನೆ ಅಂದರು. ನನಗೆ ಅವರನ್ನು ಹಿಡಿದು ಅಲ್ಲಾಡಿಸುವಷ್ಟು ಸಿಟ್ಟು ಬಂದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಅವರ ಸಂತೋಷ ನೋಡಿ, ಮೆಟ್ಟಿಲು ಜೋಪಾನ ಎಂದಷ್ಟೇ ಅಂದೆ. ಮನೆಗೆ ಹೋದ ಮೇಲೆ ಅಕ್ಕ ನನ್ನ ಮುಖ ನೋಡಿಯೇ ತಿಳಿದುಕೊಂಡಳು.

ಆದೇಶ ಹತ್ತನೆಯ ದಿನ ಬಂತು. ಪಾಸನ್ನು ತಾವೇ ತಿದ್ದಿರುವುದಾಗಿ ಮೇಲ್ಮನವಿದಾರರು ಒಪ್ಪಿಕೊಂಡಿರುವುದರಿಂದ ಮೇಲ್ಮನವಿ ವಜಾ, ಎರಡು ವರ್ಷ 'ನಿವಸಿ' ಪಾಸು ರದ್ದು. ಆ ಕಾಗದದಲ್ಲೂ ದೀರ್ಘ ಇರಲಿಲ್ಲ. ಭಾವ ಅಭ್ಯಾಸಬಲದಿಂದ ಜೇಬಿನಿಂದ ಪೆನ್ನು ತೆಗೆದರು. ಕ್ಯಾಪು ತೆರೆದು ಸ್ವಲ್ಪ ಹೊತ್ತು ಹಿಡಿದಿದ್ದು, ಮತ್ತೆ ಮುಚ್ಚಿ ಜೇಬಿಗೆ ಸಿಕ್ಕಿಸಿಕೊಂಡರು. ನಾನು ಕಂಡ ಹಾಗೆ ಅವರು ಕೈಗೆ ಸಿಕ್ಕ ತಪ್ಪನ್ನು ಹಾಗೇ ಬಿಟ್ಟದ್ದು ಅದೇ ಮೊದಲು. ಅಕ್ಕ ಎರಡು ವರ್ಷ ಎಂಬುದನ್ನು ಮೆಲ್ಲಗೆ ಒಮ್ಮೆ ಹೇಳಿಕೊಂಡಳು. ಎರಡು ವರ್ಷ ಅಂದರೆ ಯಾರಿಗೆ ಎಷ್ಟು ಅನ್ನುವುದು ಬರೆದವನಿಗೆ ಗೊತ್ತಿರಲಾರದು.

ಆಮೇಲೆ ಎಲ್ಲ ದಾರಿಯನ್ನೂ ನೋಡಿದೆವು. ಪಾಸಿಲ್ಲದವರು ಆ ಬೀದಿಯಲ್ಲಿ ಮೂರು ನಿಮಿಷ ನಿಲ್ಲಿಸಬಹುದು. ಮೂರು ನಿಮಿಷಕ್ಕೆ ಅಕ್ಕನಿಗೆ ಕಣ್ಣು ತೆರೆಯಲೂ ಆಗುವುದಿಲ್ಲ. ಬೇರೆಲ್ಲಾದರೂ ಮಲಗಿಸಿಕೊಂಡು ಆಮೇಲೆ ಬಾಗಿಲಿಗೆ ತಂದರೆ, ಕಾರು ಅಲುಗಿದೊಡನೆ ತಲೆ ಸುತ್ತು ಮತ್ತೆ ಏರುತ್ತದೆ. ಬಾಡಿಗೆ ಕಾರು ತರಿಸಿದೆವು. ಅವಳು ಮೆಟ್ಟಿಲು ಇಳಿಯುವಷ್ಟರಲ್ಲಿ ಒಬ್ಬ ಹಾರ್ನ್ ಹೊಡೆದು ಹೊರಟೇಹೋದ. ಇನ್ನೊಬ್ಬನ ಸೀಟಿನ ಮೇಲೆ ವಾಂತಿಯಾಯಿತು, ಆಮೇಲೆ ಅವನು ನಮ್ಮ ಫೋನು ಎತ್ತಲಿಲ್ಲ. ಆಸ್ಪತ್ರೆಯ ವ್ಯಾನು ಊರೆಲ್ಲ ಸುತ್ತಿ ಐದು ಜನ ರೋಗಿಗಳನ್ನು ಹೊತ್ತು ತರುತ್ತದೆ, ಅಕ್ಕ ಅದರಲ್ಲಿ ಹೋದ ವರ್ಷವೇ ಪ್ರಜ್ಞೆ ತಪ್ಪಿದ್ದಳು. ಉಳಿದದ್ದು ಮಾರುಕಟ್ಟೆಯ ಹಿಂದಿನ ಬಯಲು. ಅಲ್ಲಿ ಯಾರು ಬೇಕಾದರೂ ಗಾಡಿ ನಿಲ್ಲಿಸಬಹುದು.

ಅಲ್ಲಿಂದ ಮನೆಗೆ ನಾನೂರ ಹನ್ನೆರಡು ಹೆಜ್ಜೆ. ಮೊದಲ ದಿನವೇ ಎಣಿಸಿದಳು. ಒಂದು ಕಡೆ ನಾನು, ಇನ್ನೊಂದು ಕಡೆ ಭಾವ. ಭಾವನ ಇನ್ನೊಂದು ಕೈಯಲ್ಲಿ, ಎತ್ತರದ ಬೋರ್ಡು ಬರೆಯುವಾಗ ಹತ್ತುತ್ತಿದ್ದ ಮಡಚುವ ಸ್ಟೂಲು. ನಲವತ್ತು ಹೆಜ್ಜೆಗೊಮ್ಮೆ ಬಿಚ್ಚಿಡುವರು, ಅವಳು ಕೂರುವಳು. ಔಷಧಿ ಅಂಗಡಿಯ ಮುಂದೆ ಒಮ್ಮೆ, ಕ್ಷೌರದಂಗಡಿಯ ಮುಂದೆ ಒಮ್ಮೆ. ಅಂಗಡಿಯವರು ಹೊರಗೆ ಬಂದು ನೋಡಿ ಒಳಗೆ ಹೋಗುತ್ತಿದ್ದರು. ಮನೆ ಮುಟ್ಟಿದಾಗ ಬಾಗಿಲೆದುರಿನ ಜಾಗ ಖಾಲಿ ಬಿದ್ದಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೂ ಅಲ್ಲಿ ಯಾರ ಗಾಡಿಯೂ ನಿಲ್ಲಲಿಲ್ಲ. ನಿಂತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಹಾಗೆ ಐದು ವಾರ ನಡೆಯಿತು. ಆರನೆಯ ವಾರ ಅಕ್ಕ ಕ್ಷೌರದಂಗಡಿಯ ಮುಂದೆ ಕೂತವಳು ಮುಕ್ಕಾಲು ಗಂಟೆ ಏಳಲಿಲ್ಲ.

ಮರುದಿನ ತಿಂಗಳ ಮೊದಲ ತಾರೀಕು. ನಾನು ಹೋದಾಗ ಭಾವ ಅಡುಗೆಮನೆಯಲ್ಲಿ ತಗಡಿನ ಮುಂದೆ ನಿಂತಿದ್ದರು. ಹೊಸ ತಿಂಗಳು ಆಗಲೇ ಬರೆದಾಗಿತ್ತು. ಕಪ್ಪು ಒಣಗಿತ್ತು, ಕೆಂಪು ಇನ್ನೂ ಹಸಿ. ಅಕ್ಕ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದಳು. ಅವಳ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಒಳಗೆ ಹೂತಿತ್ತು.

"ರೀ, ಬುಧವಾರ ತಿದ್ದಿಬಿಡಿ."

ಭಾವ ಕೆಂಪು ಬ್ರಶ್ಶನ್ನು ಒರೆಸತೊಡಗಿದರು. ಅಕ್ಕ ಮತ್ತೆ ಹೇಳಿದಳು.

"ವಾರಕ್ಕೆ ಎರಡು ದಿನ ಸಾಕು. ಮೂರು ದಿನ ಅಷ್ಟು ನಡೆಯೋಕೆ ನನ್ನ ಕೈಲಿ ಆಗಲ್ಲ."

ಡಾಕ್ಟರು ಏನು ಹೇಳಿದ್ದಾರೆ ಗೊತ್ತಲ್ಲ ಎಂದು ಕೂಗಿದೆ, ಇನ್ನೊಂದು ಅರ್ಜಿ ಬರೆಯುತ್ತೇನೆ, ಕೋರ್ಟಿಗೆ ಹೋಗುತ್ತೇನೆ, ನಾನೇ ಎತ್ತಿಕೊಂಡು ಬರುತ್ತೇನೆ ಎಂದೆಲ್ಲ ಒದರಿದೆ. ನನ್ನ ಮಂಡಿನೋವು ಗೊತ್ತಿದ್ದ ಅಕ್ಕ ಸಣ್ಣಗೆ ನಕ್ಕಳು. ಗೊತ್ತು ಪುಟ್ಟ, ಎಲ್ಲ ಗೊತ್ತು ಅಂದಳು. ಭಾವನ ಕಡೆ ನೋಡಿದೆ, ಅವರು ಬೇಡ ಅನ್ನಲಿ ಎಂದು ಕಾದೆ. ಅವರಾದರೂ ಏನು ಅಂದಾರು? ಸ್ಟೂಲು ಹೊತ್ತು ಆ ನಾನೂರ ಹನ್ನೆರಡು ಹೆಜ್ಜೆ ನಡೆದವರು ಅವರು, ಅವಳ ಉಸಿರನ್ನು ಕಿವಿಯ ಪಕ್ಕದಲ್ಲೇ ಕೇಳಿದವರು.

ಭಾವ ಬಟ್ಟೆಗೆ ಟರ್ಪೆಂಟೈನ್ ಹಾಕಿಕೊಂಡರು. ಆ ತಿಂಗಳಲ್ಲಿ ನಾಲ್ಕು ಬುಧವಾರ ಇದ್ದವು. ಒಂದೊಂದರ ಕೆಂಪನ್ನೂ ಒರೆಸಿ, ಬಿಳಿ ಬಳಿದು, ಒಣಗಲು ಕಾದು, ಕಪ್ಪಿನಲ್ಲಿ ಮತ್ತೆ ಬರೆದರು. ಎಷ್ಟು ಚೆನ್ನಾಗಿ ತಿದ್ದಿದರೆಂದರೆ, ಅಲ್ಲಿ ಕೆಂಪು ಇತ್ತೆಂದು ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ.